ತುಂಬಬಾರದ ಎರಡು ಕೇಸು

"ಆ ಎರಡು ಕೇಸು ಮತ್ತ ತುಂಬಬ್ಯಾಡ್ರಿ."

ನನ್ನ ಹೆಂಡತಿ ನನಗ ಹೇಳಿದ ಕಡೀ ಮಾತು ಇದು. ದವಾಖಾನಿ ಮಂಚದ ಮ್ಯಾಲ ಹೇಳಿದ್ಲು. ಯಾವ ಎರಡು ಅಂತ ನಾ ಕೇಳಲಿಲ್ಲ. ನಾಳೆ ಕೇಳಿದ್ರಾತು ಅಂದ್ಕೊಂಡೆ.

ಕೇಸು ಅಂದ್ರ ತೋಟಾದ ಹಿತ್ತಾಳಿ ಕವಚ. ಗುಂಡು ಹಾರಿದ ಮ್ಯಾಲ ಅದು ಉಳೀತದ. ನಾನು ಜಮಖಂಡಿಯ ಒಂದು ರೈಫಲ್ ಕ್ಲಬ್ಬಿನಾಗ ಕೆಲಸಕ್ಕ ಅದೀನಿ. ಅಲ್ಲಿಯ ಒಂದು ಹಳೇ ರೈಫಲ್ಲಿಗೆ ಹೊಸ ತೋಟಾ ಸಿಗಂಗಿಲ್ಲ. ಇದ್ದ ಕೇಸು ತೊಳದು, ನೋಡಿ, ಮತ್ತ ತುಂಬಬೇಕು. ಮದ್ದು ಕ್ಲಬ್ಬಿನ ಕೀಲಿಯೊಳಗ ಇರತದ. ತೊಳಿಯೋದು, ನೋಡೋದು ಬನಹಟ್ಟಿಯೊಳಗ, ನಮ್ಮನಿ ಕಟ್ಟಿ ಮ್ಯಾಲ. ಕೇಸಿನ ಬುಡದಾಗ ಸಣ್ಣ ಗೆರಿ ಬಿದ್ದದ್ದು ಕಣ್ಣು ತಪ್ಪಿದ್ರ, ಹಾರಸಾವನ ಕಣ್ಣು ಹೋಗಬಹುದು. ಇದ ಅಂಜಿಕಿಯೊಳಗ ಇಷ್ಟ ವರ್ಷ ಕಳದೀನಿ. ಅಂಜಿದಾಗೆಲ್ಲ ಏನರೆ ಒಂದು ನಗಿಗೇಡು ಆಗೇ ಆಗತದ.

೧. ಅತ್ತರ ಡಬ್ಬಿ

ಹುಣಸಿಹಣ್ಣು ಹಚ್ಚಿ ಹೆಂಡತಿ ತಿಕ್ಕಿದ್ರ ಕೇಸು ಬಂಗಾರದಂಗ ಹೊಳೀತಿದ್ವು. ಒಮ್ಮೆ ಬಿಸಲಿಗೆ ಒಣಾಕ ಹಾಕಿದ್ವಿ. ಬಾಜೂ ಮಗ್ಗದ ಮನಿ ಅಜ್ಜಿ ಬಂದು, ಅತ್ತರ ಇಡಾಕ ಛಲೋ ಅದಾವ, ಒಂದು ಡಜನ್ ಕೊಡು ಅಂದ್ಲು. ಇವು ಗುಂಡಿನ ಕೇಸು ಅಂತ ಹೆಂಡತಿ ತಿಳಿಸಿ ಹೇಳಿದ್ಲು. ಅಜ್ಜಿ ಗಪ್ಪನ ಕೈ ಹಿಂದ ತಗೊಂಡ್ಲು. ಒಂದೀಟು ವಿಚಾರ ಮಾಡಿ, ಹಂಗಾರ ಆರ ಕೊಡು ಅಂದ್ಲು.

೨. ಪರಾತದ ಪೂಜಿ

ನಾಕೈದು ಸಲ ಹಾರಿದ ಮ್ಯಾಲ ಕೇಸಿನ ಕುತ್ತಿಗಿ ಬಿರಸಾಗಿ ಸೀಳತದ. ಅದಕ್ಕ ಪರಾತದಾಗ ನೀರು ಹಾಕಿ, ಸಾಲಾಗಿ ನಿಲ್ಲಿಸಿ, ಬಾಯಿಗಷ್ಟ ಉರಿ ತೋರಿಸಿ ಮೆತ್ತಗ ಮಾಡಬೇಕು. ಬುಡ ಕಾದ್ರ ಕೇಸು ಕೆಟ್ಟಂಗ. ಒಂದೊಂದ ಕೇಸಿಗೂ ಎಣಿಸಿ ಉರಿ ಹಿಡೀತಿದ್ದೆ. ಆಗ ಬೀಳಗಿಯಿಂದ ನಮ್ಮತ್ತಿ ಬಂದ್ಲು. ನೀರು, ಹಿತ್ತಾಳಿ, ಉರಿ ನೋಡಿ ಚಪ್ಪಲ ಬಿಟ್ಟು ಕೈ ಮುಗದು ನಿಂತ್ಲು. ಉರಿ ಬಿಟ್ಟು ಮಾತಾಡಾಕ ನನಗ ಧೈರ್ಯ ಆಗಲಿಲ್ಲ. ಎಲ್ಲಾ ಮುಗದ ಮ್ಯಾಲ, ಪ್ರಸಾದ ಎಲ್ಲಿ ಅಂತ ಕೇಳಿದ್ಲು. ಹೆಂಡತಿ ಒಳಗ ಹೋಗಿ ಸಕ್ಕರಿ ತಂದ್ಲು.

೩. ಮಾಸ್ತರ ವಾದ

ಬುಡದ ಗೆರಿ ಕಣ್ಣಿಗೆ ಕಾಣಂಗಿಲ್ಲ. ಕೊಕ್ಕಿ ತಂತಿ ಒಳಗ ಬಿಟ್ಟು ಎಳದ್ರ, ಗೆರಿ ಇದ್ದಲ್ಲೆ ತಂತಿ ತಡೀತದ. ನನ್ನ ಬೆರಳು ದಪ್ಪ. ಹೆಂಡತಿ ಹಿಡದ್ರ ತಿಳೀತಿತ್ತು.

ಮುಧೋಳದ ಒಬ್ಬರು ರಿಟೈರ್ ಹೆಡ್ ಮಾಸ್ತರು ಕ್ಲಬ್ಬಿನ ಹಳೇ ಮೆಂಬರು. ಆಕಿ ಕೆಟ್ಟದ್ದಂತ ತಗದಿಟ್ಟ ಕೇಸಿನ ಪರವಾಗಿ ಯಾವಾಗಲೂ ವಾದ ಮಾಡತಿದ್ರು. ಇನ್ನೊಂದ ಸಲ ತಾಳತದವ್ವಾ ಅಂತ ಒಮ್ಮೆ ಭಾಳ ಹಟ ಹಿಡದ್ರು.

"ಸರ, ಇದಕ್ಕ ಗ್ರೇಸ್ ಮಾರ್ಕ್ಸ್ ಇಲ್ರಿ," ಅಂದ್ಲು.

ಮಾಸ್ತರು ಚಾ ಕುಡದು ಹೋದ್ರು.

೪. ಖಾಲಿ ಕೇಸು

ಆಕಿ ಕಟ್ಟಿ ಮ್ಯಾಲ ಆ ಎರಡು ಬ್ಯಾರೆ ಇಟ್ಟಿದ್ಲಂತ ಕಾಣಸತದ. ಆಕಿ ಮಣ್ಣಿಗೆ ಬಂದ ಮಂದಿ, ಕೂಡಾಕ ಜಾಗಾ ಮಾಡುವಾಗ ಎಲ್ಲಾ ಒಂದ ಡಬ್ಬಿಗೆ ಸುರುವಿದ್ರು. ಇಪ್ಪತ್ತೆರಡು ಕೇಸು. ಎಲ್ಲಾ ಒಂದ ಥರಾ ಹೊಳೀತಿದ್ವು.

ಮುಂದ ಮಾಸ್ತರು ಗುಂಡು ಹಾರಸೂ ಪಂದ್ಯ ಬಂತು. ಅದಕ್ಕ ಇವ ಕೇಸು ತುಂಬಬೇಕಿತ್ತು. ಮೂರು ಸಲ ತಂತಿ ಬಿಟ್ಟು ನೋಡಿದೆ. ಮೊದಲ ಸಲ ಎಲ್ಲಾದ್ರಾಗೂ ಗೆರಿ ಸಿಕ್ಕಂಗಾತು. ಎರಡನೇ ಸಲ ಒಂದರಾಗೂ ಇಲ್ಲ. ಮೂರನೇ ಸಲ ಕೈ ಬೆವತು ತಂತೀನ ಜಾರಿತು. ಡಬ್ಬಿ ತಗೊಂಡು ಬಸ್ ಹತ್ತಿ ಮುಧೋಳಕ್ಕ ಹೋದೆ.

ಮಾಸ್ತರು ನುಲಿ ಹೊರಸಿನ ಮ್ಯಾಲ ಕುಂತಿದ್ರು. ಡಬ್ಬಿ ಬಾಜೂ ಇಟ್ಟು ಎಲ್ಲಾ ಹೇಳಿದೆ. ಆಕಿ ಜೋಡಿ ಕೇಸ್ ಕೇಸಿಗೂ ವಾದ ಮಾಡಿದ ಮನಶ್ಯಾ, ಕಾಲು ಮ್ಯಾಲ ಎಳಕೊಂಡ್ರು. ಊರಗೋಲಿಲೆ ಡಬ್ಬಿ ನೂಕಿ ನೂಕಿ ಹೊರಸಿನ ಆ ತುದಿಗೆ ಮುಟ್ಟಿಸಿದ್ರು.

"ಸರ, ಖಾಲಿ ಅದಾವ್ರಿ," ಅಂದೆ.

"ಇರಲಿ. ಆಕಿ ಬ್ಯಾಡ ಅಂದಾಳ."

ಪಂದ್ಯಕ್ಕ ನೋಡಾಕಷ್ಟ ಬರತೀನಿ ಅಂದ್ರು. ಆಕಿ ಹೋದ ಮ್ಯಾಲ ಅವತ್ತ ಮೊದಲ ಸಲ ನನಗ ನಗಿ ಬಂತು.

ಮರುದಿನ ಮುಂಜಾನೆ ಇಪ್ಪತ್ತೆರಡೂ ಕೇಸು ಕಟ್ಟಿ ಮ್ಯಾಲ ಇಟ್ಟು ಸುತ್ತಿಗಿಲೆ ಬಡದೆ. ಹತ್ತೊಂಬತ್ತು ಚಪ್ಪಟ ಆದ್ವು. ಮೂರು ಬುಡದಾಗ, ಗೆರಿ ಇದ್ದಲ್ಲೆ, ಮುರದ್ವು.

ಆ ಮೂರೂ ಅಂಗೈಯಾಗ ಹಿಡದು, "ನೀನೂ ಒಂದ ಬಿಟ್ಟಿದ್ದಿ ನೋಡು," ಅಂತ ಆಕಿಗೆ ಹೇಳಿದೆ.