ಸೆಪ್ಟೆಂಬರ್ 31ರಂದು ಕರೆದಿದ್ದ ಪೋಷಕರ ಸಭೆಯ ಕುರಿತು

ಸಂಖ್ಯೆ: ಪ್ರತಿಭೆ/ಪೋ.ಅ./47 (ತಿದ್ದುಪಡಿ)/2005-06
ಲಿಂಗಂಪಲ್ಲಿ, ಹೈದರಾಬಾದ್. ದಿನಾಂಕ: 26-09-2005

ವಿಷಯ: ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಪೋಷಕರ ಅಭಿಪ್ರಾಯ ಸಂಗ್ರಹ.

ಉಲ್ಲೇಖ: 1. ಈ ವಿಭಾಗದ ಸುತ್ತೋಲೆ, ದಿ. 12-09-2005.
2. ಪೋಷಕರಾದ ಬಂಡೆಮ್ಮ ಅವರ ಮೌಖಿಕ ಹೇಳಿಕೆ, ದಿ. 24-09-2005.

ಶಾಲೆಯ ಕನ್ನಡ ವಿಭಾಗದ ಪೋಷಕರಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಉಲ್ಲೇಖ (1)ರಲ್ಲಿ ಸಭೆಯನ್ನು ಸೆಪ್ಟೆಂಬರ್ 31ಕ್ಕೆ ನಿಗದಿಪಡಿಸಲಾಗಿತ್ತು. ತಮ್ಮ ಮಗು ಅಸಾಧಾರಣವೆಂದು ಬರೆದುಕೊಟ್ಟ 118 ಪೋಷಕರೂ ಅಂದು ತಪ್ಪದೆ ಬರುವುದಾಗಿ ಸಹಿ ಮಾಡಿರುತ್ತಾರೆ.

2. ಕೊಂಡಾಪುರದ ಸಾಫ್ಟ್‌ವೇರ್ ಎಂಜಿನಿಯರ್ ಶ್ರೀ ಪ್ರಾಣೇಶ ಅವರು ಆ ದಿನಕ್ಕೆ ರಜೆ ಕೋರಿದ್ದು, ಅವರ ಕಚೇರಿ ಮಂಜೂರು ಮಾಡಿದೆ. ಶ್ರೀಮತಿ ಮಂದಾಕಿನಿ ಅವರು ಮಗನ ಅಬ್ಯಾಕಸ್ ತರಗತಿಯನ್ನು 31ರಿಂದ 30ಕ್ಕೆ ಹಾಕಿಸಿಕೊಂಡಿದ್ದಾರೆ.

3. ಕಟ್ಟಡ ಕೆಲಸದ ಬಂಡೆಮ್ಮ ಅವರ ಮಗಳು, ನಾಲ್ಕನೇ ತರಗತಿಯ ಕು. ಗುರುದೇವಿಯ ಅರ್ಜಿಯಲ್ಲಿ ‘ಪೋಷಕರ ಅಭಿಪ್ರಾಯ (200 ಪದ)’ ಎಂಬ ಕಲಂ ಖಾಲಿ ಇತ್ತು. ತಾಯಿಗೆ ಬರೆಯಲು ಬಾರದ ಕಾರಣ, ಸಭೆಗೆ ಬಂದು ಬಾಯಲ್ಲಿ ಹೇಳದಿದ್ದರೆ ಅರ್ಜಿ ತಿರಸ್ಕರಿಸಲಾಗುವುದೆಂದು ತಿಳಿಸಲಾಗಿತ್ತು. ಅದಕ್ಕೆ ಅವರು ಕಚೇರಿಗೆ ಬಂದು ನೀಡಿದ ಹೇಳಿಕೆ, ಇದ್ದಂತೆಯೇ: “ಸಾಹೇಬ್ರ, ಈ ತಿಂಗಳದಾಗ ಮೂವತ್ತೊಂದು ಬರಂಗಿಲ್ಲಂತ್ರಿ. ನಮ್ಮ ಹುಡುಗಿ ಮುಷ್ಟಿ ಎಣಿಸಿ ಹೇಳ್ಯಾಳ. ನಾ ಕೆಲಸ ಬಿಟ್ಟು ಯಾವತ್ತ ಬರ್ಲಿ, ನೀವ ಹೇಳ್ರಿ.”

4. ಸದರಿ ಹೇಳಿಕೆಯ ಮೇರೆಗೆ ಕೆಳಗೆ ಸಹಿ ಮಾಡಿದವರು ತಮ್ಮ ಮುಷ್ಟಿಯ ಗೆಣ್ಣುಗಳನ್ನು ಮೂರು ಸಲ ಎಣಿಸಿದ್ದು, ಅನುಮಾನ ಉಳಿದ ಕಾರಣ ಜವಾನ ಸೂಗಪ್ಪನವರ ಮುಷ್ಟಿಯನ್ನೂ ಪರಿಶೀಲಿಸಿರುತ್ತಾರೆ. ಎರಡರಲ್ಲಿಯೂ ಸೆಪ್ಟೆಂಬರ್ ತಗ್ಗಿನಲ್ಲಿಯೇ (ಅಂದರೆ 30 ದಿನ) ಬಂದಿದೆ.

5. ಇನ್ನು ಮುಂದೆ ಮುಷ್ಟಿ ಪರೀಕ್ಷೆಯಾಗದ ದಿನಾಂಕಕ್ಕೆ ಯಾರೂ ಸಹಿ ಮಾಡತಕ್ಕದ್ದಲ್ಲ. ಉಂಗುರ ಧರಿಸಿದವರು ಇನ್ನೊಂದು ಕೈ ಬಳಸತಕ್ಕದ್ದು. ಎರಡೂ ಕೈಗೆ ಉಂಗುರವಿದ್ದಲ್ಲಿ, ಲಿಖಿತ ಅನುಮತಿಯ ಮೇಲೆ ಸಹೋದ್ಯೋಗಿಯ ಕೈ ಬಳಸಬಹುದು.

6. ಸಭೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಲಾಗಿದೆ. ಸೆಪ್ಟೆಂಬರ್ 31ರಂದೇ ಬರಬಯಸುವವರಿಗೆ ವಿಭಾಗದ ಅಭ್ಯಂತರವಿಲ್ಲ, ಕುರ್ಚಿ ಒದಗಿಸಲಾಗುವುದಿಲ್ಲ.

7. ಬಂಡೆಮ್ಮ ಅವರ ಹೇಳಿಕೆಯನ್ನೇ ಪೋಷಕರ ಅಭಿಪ್ರಾಯವೆಂದು ಅಂಗೀಕರಿಸಿ, ಕು. ಗುರುದೇವಿಯನ್ನು ವಿಶೇಷ ತರಗತಿಗೆ ಸೇರಿಸಿಕೊಳ್ಳಲಾಗಿದೆ. ಕೊರತೆಯಾದ 183 ಪದಗಳನ್ನು ಮನ್ನಾ ಮಾಡಲಾಗಿದೆ. ತಾಯಿ ಕೆಲಸ ಬಿಟ್ಟು ಬರುವ ಅಗತ್ಯವಿರುವುದಿಲ್ಲ.

(ಸಹಿ)
ಮೌನಪ್ಪ
ಪ್ರಭಾರ ಅಧೀಕ್ಷಕರು

ಪ್ರತಿಗಳು:
1. ಎಲ್ಲ 118 ಪೋಷಕರಿಗೆ.
2. ಶ್ರೀ ಪ್ರಾಣೇಶ ಅವರ ಕಚೇರಿಗೆ, ಮಂಜೂರಾದ ರಜೆಯನ್ನು ಹಿಂಪಡೆಯಲು.
3. ಜವಾನ ಸೂಗಪ್ಪನವರಿಗೆ, ಮುಂದಿನ ಆದೇಶದವರೆಗೆ ಮುಷ್ಟಿಯನ್ನು ಸುಸ್ಥಿತಿಯಲ್ಲಿಡಲು.
4. ಕು. ಗುರುದೇವಿ ಅವರಿಗೆ, ಮೇಲಿನ ದಿನಾಂಕಗಳನ್ನು ನೋಡಿಕೊಡಲು. ಅವರು ಸರಿ ಎಂದ ನಂತರವೇ ಕ್ರಮ ಸಂಖ್ಯೆ 1ರಿಂದ 3ರವರಿಗೆ ಕಳುಹಿಸತಕ್ಕದ್ದು.