ಮೆಟ್ಟಿಲ ಕೆಳಗಿನ ಮತದಾನ

ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು, ಹಲ್ಲಿನ ಡಾಕ್ಟರ ಹೊಸ ಪ್ಯಾಂಟಿನ ಕಾಲು ಮಡಚುತ್ತಿದ್ದ ದರ್ಜಿ, ಬಿಡುವಾಗಿದ್ದ ಹೆಬ್ಬೆರಳಿನಿಂದ ಮೊಬೈಲಿನ ಮೇಲೆ 'ಹೌದು' ಒತ್ತಿಬಿಟ್ಟ.

ಏನು ಪ್ರಶ್ನೆ ಎಂದು ಓದಲಿಲ್ಲ. ಕನ್ನಡಕ ಹಣೆಯ ಮೇಲಿತ್ತು, ಮೊಬೈಲು ನೆಲದ ಮೇಲಿತ್ತು, ಗಮನವೆಲ್ಲ ಪ್ಯಾಂಟಿನ ಮೇಲಿತ್ತು. ಆನ್‌ಲೈನಿನಲ್ಲಿ ತರಿಸಿದ ಪ್ಯಾಂಟು. ಅದರ ಉದ್ದಕ್ಕೆ ಸಮವಾಗಬೇಕಾದರೆ ಡಾಕ್ಟರ ಹೆಗಲ ಮೇಲೆ ಇನ್ನೊಬ್ಬ ಡಾಕ್ಟರು ನಿಲ್ಲಬೇಕಿತ್ತು. ಕಟ್ಟಡದವರ ಮೊಬೈಲ್ ಗುಂಪಿನಲ್ಲಿ ಏನೇ ಕೇಳಿದರೂ 'ಹೌದು' ಒತ್ತುವುದು ದರ್ಜಿಯ ಪದ್ಧತಿ. ಗೇಟಿಗೆ ಹಸಿರು ಬಣ್ಣ ಬಳಿಯೋಣವೇ? ಹೌದು. ನೀಲಿ? ಅದೂ ಹೌದು. 'ಇಲ್ಲ' ಎಂದವರ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರು ಕಂಡರೆ ಮುನಿಸು. ಮುನಿಸು ಬಂದ ಮನೆಯಿಂದ ಪ್ಯಾಂಟು ಬರುವುದಿಲ್ಲ.

ಡಾಕ್ಟರು ತಮ್ಮ ಮೊಬೈಲು ನೋಡಿ ಹೌಹಾರಿದರು. "ಏನ್ರೀ ಇದು, ಅಂಗಡಿ ಬಿಟ್ಟು ಹೊರಟೇಬಿಟ್ರಾ? ಒಂದು ಮಾತೂ ಹೇಳ್ಲಿಲ್ಲ!"

"ಮ್ಮ್?" ಎಂದ ದರ್ಜಿ.

"ಇಲ್ನೋಡಿ. 'ಮೆಟ್ಟಿಲ ಕೆಳಗಿನ ದರ್ಜಿ ಅಂಗಡಿ ತೆಗೆಸಿ, ಎಲ್ಲರ ಪಾರ್ಸೆಲ್ ಇಡಲು ಜಾಗ ಮಾಡೋಣವೇ?' ಮೊದಲನೇ 'ಹೌದು' ನಿಮ್ಮದೇ."

"ಮ್ಮ್! ಮ್ಮ್ ಮ್ಮ್ ಮ್ಮ್!"

ಬಾಯಿ ತುಂಬಿದವರ ನರಳಾಟವನ್ನು ಒಪ್ಪಿಗೆ ಎಂದು ತಿಳಿಯುವುದು ಡಾಕ್ಟರಿಗೆ ಕಸುಬಿನಿಂದ ಬಂದ ಅಭ್ಯಾಸ. "ಇರ್ಲಿ ಬಿಡಿ, ನಿಮ್ಮಿಷ್ಟ. ನಾವು ಅಡ್ಡ ಬರೋಕಾಗುತ್ತಾ?" ಎಂದು ನಿಟ್ಟುಸಿರಿಟ್ಟು ತಾವೂ 'ಹೌದು' ಒತ್ತಿದರು. ದರ್ಜಿ ಸೂಜಿಗಳನ್ನೆಲ್ಲ ಹೊರಗೆ ತೆಗೆಯುವಷ್ಟರಲ್ಲಿ, ಒಂದು ಕಾಲು ಮಡಚಿದ, ಇನ್ನೊಂದು ನೆಲ ಗುಡಿಸುವ ಪ್ಯಾಂಟಿನಲ್ಲೇ ಅವರು ಪಕ್ಕದ ಕ್ಲಿನಿಕ್ಕಿಗೆ ಓಡಿಯಾಗಿತ್ತು. ರೋಗಿ ಕಾಯುತ್ತಿದ್ದರು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ದಾರ ಕಡಿದು ಹೇಳಿದಳು: "ಸರಿಹೋಯ್ತು. ಊರವರ ಬಟ್ಟೆಗೆಲ್ಲ ಕತ್ತರಿ ಹಾಕಿ ಕೊನೆಗೆ ನಮ್ಮ ಕುತ್ತಿಗೆಗೇ ಇಟ್ರಿ."

ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಆ ಮೂಲೆ ಹೋದರೆ ಹೊಲಿಗೆ ಯಂತ್ರ ಇಡಲು ಇನ್ನೊಂದು ಜಾಗವಿಲ್ಲ. ಅವರ ಮನೆಯಲ್ಲಿ ಮಂಚ ಹಾಕಿದ ಮೇಲೆ ಬಾಗಿಲೇ ಅರ್ಧ ತೆರೆಯುತ್ತಿತ್ತು.

ದರ್ಜಿ ತಕ್ಷಣ ತನ್ನ 'ಹೌದ'ನ್ನು 'ಇಲ್ಲ' ಮಾಡಿದ. "ತಪ್ಪಿ ಒತ್ತಿದೆ, ನಾನು ಅಂಗಡಿ ಬಿಡುವುದಿಲ್ಲ" ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದ. ಅವನು ಬರೆಯುವಷ್ಟರಲ್ಲಿ ಮಹಡಿ ಮಹಡಿಗಳಿಂದ ವಿದಾಯಗಳು ಇಳಿದವು. "ನಿಮ್ಮ ದೊಡ್ಡ ಮನಸ್ಸಿಗೆ ನಮಸ್ಕಾರ." "ತ್ಯಾಗ ಅಂದ್ರೆ ಇದು." ಮುಗಿದ ಕೈಗಳು, ಗುಲಾಬಿಗಳು, ಕಣ್ಣೀರಿಡುವ ಹಳದಿ ಮುಖಗಳು. ಅವನ ಒಂದು ಸಾಲು ಆ ಹೂವಿನ ರಾಶಿಯಡಿ ಹೆಣದಂತೆ ಮುಚ್ಚಿಹೋಯಿತು. ಮತದಾನ ಮುಗಿಯುವುದು ಸಂಜೆ ಆರಕ್ಕೆ.

"ಕಟ್ಟಡದ ಕಾರ್ಯದರ್ಶಿ ಮೇಡಂ ಹತ್ರ ಹೋಗಿ, ಪ್ರಶ್ನೆ ಹಾಕಿದ್ದು ಅವರೇ. ಒಳ್ಳೆ ಹೆಂಗಸು," ಎಂದಳು ಹೆಂಡತಿ.

ಮೇಡಂ ಮನೆಗೆ ಬೀಗ. ವಿಚಾರಿಸಿದರೆ, ಡಾಕ್ಟರ ಆ ರೋಗಿ ಅವರೇ. ದರ್ಜಿ ಕ್ಲಿನಿಕ್ಕಿಗೆ ನುಗ್ಗಿದಾಗ ಅವರು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಬಾಯೊಳಗೆ ಡಾಕ್ಟರ ಎರಡು ಕೈಯೂ ಒಂದು ಯಂತ್ರವೂ ಇದ್ದವು.

"ಮೇಡಂ, ತಪ್ಪಾಗೋಯ್ತು, ನನ್ನ ಅಂಗಡಿ ಉಳಿಸ್ಕೊಡಿ!"

"ಆಂ," ಎಂದರು ಮೇಡಂ. ಕಣ್ಣಲ್ಲಿ ನೀರು ಬಂತು. ಕನಿಕರಕ್ಕೋ ಯಂತ್ರಕ್ಕೋ ತಿಳಿಯಲಿಲ್ಲ. ಆದರೆ ಕೈಯೆತ್ತಿ, ಆಗಲಿ, ನಾನು ನೋಡಿಕೊಳ್ಳುತ್ತೇನೆ ಎಂಬಂತೆ ಸನ್ನೆ ಮಾಡಿದರು.

ಸನ್ನೆಯನ್ನು ನಂಬಿ ಕೂರುವ ಕಾಲ ಇದಲ್ಲವೆಂದು ದರ್ಜಿ ಮೆಟ್ಟಿಲು ಹತ್ತಿದ. ಮೊದಲು ವಕೀಲರ ಮನೆ. ಅವರು ಕಂಪ್ಯೂಟರಿನಲ್ಲೇ ವಾದ ಮುಗಿಸಿ ಎದ್ದುಬಂದರು: ಮೇಲೆ ಕರಿ ಕೋಟು, ಕೆಳಗೆ ಚೌಕಳಿ ಚಡ್ಡಿ.

"ಅಲ್ರೀ, ನೀವೇ ಹೌದು ಅಂದ್ಮೇಲೆ ನಾನ್ಯಾಕೆ ಇಲ್ಲ ಅನ್ಲಿ? ನಿಮ್ಮ ಇಷ್ಟಕ್ಕೆ ಗೌರವ ಕೊಟ್ಟೆ."

"ಈಗ ಬದಲಾಯಿಸಿ ಸಾರ್."

"ಬದಲಾಯಿಸ್ಬಹುದು. ಆದ್ರೆ ನಾನೊಬ್ನೇ ಬದಲಾಯಿಸಿದ್ರೆ ಎಲ್ಲರಿಗೂ ಕಾಣುತ್ತೆ. ವಕೀಲ ಬೆಳಿಗ್ಗೆ ಒಂದು, ಸಂಜೆ ಒಂದು ಅಂತಾರೆ. ಮಿಕ್ಕವರು ಮಾಡ್ಲಿ, ಹಿಂದೇನೇ ನಾನು."

ಮೇಲಿನ ಮನೆಯ ಬ್ಯಾಂಕಿನಾಕೆ ಅವನ ಕೈ ಹಿಡಿದುಕೊಂಡು, "ಅಣ್ಣಾ, ನೀವಿಲ್ದೆ ಈ ಆನ್‌ಲೈನ್ ರವಿಕೆಗಳ ಗತಿಯೇನು?" ಎಂದು ಕಣ್ಣೊರೆಸಿಕೊಂಡಳು. ಆಕೆಯೂ 'ಹೌದು' ಒತ್ತಿದ್ದಳು. ಅವಳಿಗೂ ಮಿಕ್ಕವರು ಮೊದಲು ಬದಲಾಯಿಸಬೇಕಿತ್ತು. ಹೀಗೆ ಒಂದೊಂದು ಬಾಗಿಲಲ್ಲೂ ಅವನು ಹಿಂದೆಂದೂ ಕಾಣದಷ್ಟು ಪ್ರೀತಿಯನ್ನು ಕಂಡ, ಒಂದೊಂದು ಮೊಬೈಲಿನಲ್ಲೂ ತನ್ನನ್ನು ಓಡಿಸುವ ಗುರುತನ್ನು ಕಂಡ.

ಕೊನೆಗೆ ಉಪಾಯ ಹೊಳೆಯಿತು. ಎಲ್ಲರೂ ಒಟ್ಟಿಗೆ ಬದಲಾಯಿಸಿದರೆ ಮೊದಲಿಗರೇ ಇರುವುದಿಲ್ಲ. ಮತ್ತೆ ಮನೆ ಮನೆ ಹತ್ತಿಳಿದು ಪಾಠ ಹೇಳಿದ: "ಐದೂ ಮುಕ್ಕಾಲಿಗೆ 'ಇಲ್ಲ' ಒತ್ಬಿಡಿ. ಓದೋದು ಬೇಡ, ಯೋಚ್ನೆ ಬೇಡ. 'ಇಲ್ಲ', ಅಷ್ಟೇ."

"ಅಷ್ಟೇ ತಾನೇ? ಒತ್ತಿದ್ವಿ ಅಂದ್ಕೊಳ್ಳಿ," ಎಂದರು ಎಲ್ಲರೂ.

ಕೆಳಗೆ ಬಂದು ಯಂತ್ರದ ಮುಂದೆ ಕುಸಿದ. "ಎದುರಿಗೆ ನಿಂತ್ರೆ ಇರು ಅಂತಾರೆ, ಮೊಬೈಲಿನೊಳಗೆ ಮಾತ್ರ ಹೋಗು ಅಂತಾರೆ. ಇಬ್ಬರಲ್ಲಿ ನಿಜವಾದವರು ಯಾರೇ?"

"ಬಟ್ಟೆಗೆ ಒಳಮೈ ಒಂದು, ಹೊರಮೈ ಒಂದು. ಎರಡೂ ಅದೇ ಬಟ್ಟೆ," ಎಂದಳು ಹೆಂಡತಿ, ತಲೆಯೆತ್ತದೆ.

ಐದೂ ಮುಕ್ಕಾಲಿಗೆ ಮೊಬೈಲು ತೆಗೆದರೆ ಅವನದೇ 'ಇಲ್ಲ' ಮಾಯವಾಗಿತ್ತು. ಹಾಳು ಮೊಬೈಲೆಂದು ಬೈದು ಮತ್ತೊಮ್ಮೆ ಒತ್ತಿದ. ನೋಡನೋಡುತ್ತಿದ್ದಂತೆ 'ಇಲ್ಲ'ಗಳು ಬಂದವು. ಡಾಕ್ಟರು, ವಕೀಲರು, ಬ್ಯಾಂಕಿನಾಕೆ, ನಾಲ್ಕನೇ ಮಹಡಿಯ ಇಡೀ ಸಾಲು. 'ಹೌದು' ಎಂಬ ಕಡೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಆರಕ್ಕೆ ಎಲ್ಲರೂ ಮೆಟ್ಟಿಲಿಳಿದು ಬಂದರು. "ಕೊಟ್ಟ ಮಾತು ಉಳಿಸ್ಕೊಂಡ್ವಿ ನೋಡ್ರೀ!" ಎಂದು ವಕೀಲರು ಅವನ ಬೆನ್ನು ತಟ್ಟಿದರು, ಈಗ ಪ್ಯಾಂಟು ಹಾಕಿದ್ದರು. ದರ್ಜಿ ಎಲ್ಲರಿಗೂ ಕೈ ಮುಗಿದ.

ಅಷ್ಟರಲ್ಲಿ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕಾರ್ಯದರ್ಶಿ ಮೇಡಂ ಬಂದರು. ಅವರ ಮುಖದ ಅರ್ಧ ಮರಗಟ್ಟಿತ್ತು, ಮಿಕ್ಕರ್ಧ ಸಿಟ್ಟಿನಿಂದ ಉರಿಯುತ್ತಿತ್ತು.

"ಇಷ್ಟು ನಿರ್ದಯಿಗಳು ಅಂತ ಗೊತ್ತಿರ್ಲಿಲ್ಲ ನೀವು! ಓಡಿಸೋಣವೇ ಅಂತ ಕೇಳಿದ್ದೇ ತಪ್ಪು ಅನ್ನಿಸ್ತು. ಹಳೇ ಪ್ರಶ್ನೆ ಅಳಿಸಿ ಹೊಸದು ಹಾಕ್ದೆ. 'ನಮ್ಮ ದರ್ಜಿ ಇಲ್ಲೇ ಇರಲಿ ಅಲ್ಲವೇ?' ಒಬ್ಬರಾದ್ರೂ ಹೌದು ಅಂದ್ರಾ?" ದರ್ಜಿಯ ಕಡೆ ತಿರುಗಿದರು. "ನೀವೂ ಇಲ್ಲ ಅಂದ್ರಲ್ರೀ!"

ಹೆಂಡತಿ ಎದ್ದು ಬಂದು ಗಂಡನ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಅವನು ಓದಿದ. ಎಲ್ಲರೂ ಓದಿದರು. ಇಡೀ ದಿನದಲ್ಲಿ ಆ ಕಟ್ಟಡದವರು ಒಂದು ಪ್ರಶ್ನೆಯನ್ನು ಪೂರ್ತಿ ಓದಿದ್ದು ಅದೇ ಮೊದಲು.

"ಅಯ್ಯೋ, ಇದಕ್ಕೇನಂತೆ!" ವಕೀಲರು ಗಂಟಲು ಸರಿಮಾಡಿಕೊಂಡರು. "ಎಲ್ಲರೂ ಇಲ್ಲೇ ಇದ್ದೀವಿ. ದರ್ಜಿ ಇರ್ಲಿ ಅನ್ನೋರು ಕೈ ಎತ್ತಿ!"

ಕೈಗಳೆಲ್ಲ ಒಟ್ಟಿಗೆ ಎದ್ದವು. ದರ್ಜಿ ತಲೆಯೆತ್ತಿ ನೋಡಿದ. ಎಲ್ಲ ಕಂಕುಳುಗಳಲ್ಲೂ ಅವನದೇ ಹೊಲಿಗೆ. ಬ್ಯಾಂಕಿನಾಕೆಯದು ಮಾತ್ರ ಒಂದಿಷ್ಟು ಬಿಟ್ಟಿತ್ತು, ನಾಳೆ ಹಾಕಿಕೊಡಬೇಕು.

"ಎಣಿಸ್ಕೊಳ್ಳಿ ಮೇಡಂ," ಎಂದರು ಡಾಕ್ಟರು. "ನಾವೇ ಎದುರಿಗಿದ್ದೀವಲ್ಲ. ಇದಕ್ಕಿಂತ ಬೇಕಾ?"

ಮೇಡಂ ಎತ್ತಿದ ಕೈಗಳನ್ನು ಒಮ್ಮೆ ನೋಡಿದರು, ಮೊಬೈಲನ್ನು ಒಮ್ಮೆ ನೋಡಿದರು. ಅದರಲ್ಲಿ ಆಗಲೇ ಯಾರೋ ಕೇಳಿದ್ದರು: ಹಳೇ ಪ್ರಶ್ನೆಯನ್ನು ಬದಲಿಸಲು ಈ ಕಾರ್ಯದರ್ಶಿ ಯಾರು?

"ಒಂದು ಸಲ ಕನಿಕರಪಟ್ಟಿದ್ದೇ ಸಾಕು. ಇನ್ನೊಂದು ಸಲ ಪ್ರಶ್ನೆ ಮುಟ್ಟಿದ್ರೆ ನಾಳೆ ನನ್ನ ಮೇಲೇ ಮತ ಹಾಕ್ತೀರಿ."

"ಮೇಡಂ, ಕೈ ನೋಡಿ ಮೇಡಂ..." ದರ್ಜಿ ಗೋಗರೆದ.

"ಇಳಿಸೋಕೆ ಹೇಳಿ," ಎಂದರು ಮೇಡಂ. "ಕೈ ಲೆಕ್ಕಕ್ಕೆ ತಗೊಳ್ಳಲ್ಲ."