ಕುರುಗೋಡಿನ ಜ್ವರ ಕಾವಲು ಕೋಣೆಯ ಬೀಗಕ್ಕೆ

ಕುರುಗೋಡು, ಫೆಬ್ರವರಿ 1979

ಮಾನ್ಯ ಬೀಗ ಮಹಾಶಯರೇ,

ತಮ್ಮ ಕೊಂಡಿಗೂ ತಮ್ಮ ತುಕ್ಕಿಗೂ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಾರ್ಮಿಕರೆಲ್ಲರ ಶರಣು.

ಹೋದ ವರ್ಷ ಊರಿಗೆ ಊರೇ ಹಾಸಿಗೆ ಹಿಡಿಸಿದ ಫ್ಲೂ ಜ್ವರ ಇಳಿದ ಮೇಲೆ, ಬಳ್ಳಾರಿಯಿಂದ ಜೀಪಿನಲ್ಲಿ ಬಂದ ಆರೋಗ್ಯ ಇಲಾಖೆಯ ಸಾಹೇಬರು ಜಿನ್ನಿನ ಗೇಟಿನ ಪಕ್ಕ ಈ ಕೋಣೆ ತೆರೆದು, "ಜ್ವರ ಹೋತು ಅಂತ ಮೈಮರೀಬ್ಯಾಡ್ರಿ, ತಿರುಗಿ ಬರ್ತೈತಿ" ಎಂದು ಮೈಕಿನಲ್ಲಿ ಹೇಳಿದರು. ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ ಎಂದರು, ಬರಲಿಲ್ಲ. ನರ್ಸಮ್ಮ ದಿನವೂ ಇರುತ್ತಾರೆ ಎಂದರು. ರಿಬ್ಬನ್ ಕತ್ತರಿಸಿದ ತಿಂಗಳೊಳಗೆ ಅವರನ್ನು ಸಿರುಗುಪ್ಪಕ್ಕೆ ವರ್ಗ ಮಾಡಿ, ಬಾಗಿಲಿಗೆ ತಮ್ಮನ್ನು ಜಡಿದರು. ಜ್ವರ ಬಂದವರಿಗೆ ಕೋಣೆಯಿಂದ ಚೀಟಿ ಸಿಗುತ್ತದೆ, ಚೀಟಿ ತಂದವರನ್ನು ಜಿನ್ನಿನವರು ಕೆಲಸದಿಂದ ತೆಗೆಯುವಂತಿಲ್ಲ ಎಂದರು. ಚೀಟಿ ಬರೆಯುವ ಕೈಯೇ ಇಲ್ಲ. ಕೊಟ್ಟ ಮಾತುಗಳಲ್ಲಿ ಉಳಿದದ್ದು ತಾವೊಬ್ಬರೇ.

ಸಾಹೇಬರೆಲ್ಲ ಫ್ಯಾನಿನ ಕೆಳಗೆ ಸೇರಿಕೊಂಡ ಬಿಸಿಲಿನಲ್ಲೂ ತಾವು ಕರ್ತವ್ಯದ ಜಾಗ ಬಿಟ್ಟು ಕದಲಲಿಲ್ಲ, ರಜೆ ಹಾಕಲಿಲ್ಲ, ಬಡ್ತಿ ಬೇಡಲಿಲ್ಲ. ಇಡೀ ಜಿಲ್ಲೆಯಲ್ಲಿ ಫ್ಲೂ ಜ್ವರವನ್ನು ನಿಜವಾಗಿ ಕಾಯುತ್ತಿರುವ ನೌಕರರು ತಾವೇ ಎಂದು ಯಾವ ವೇದಿಕೆಯ ಮೇಲಾದರೂ ಹೇಳಲು ಸಿದ್ಧರಿದ್ದೇವೆ.

ಆದರೂ ಒಂದು ಅರಿಕೆ. ಜಿನ್ನಿನಲ್ಲಿ ಹತ್ತಿ ಧೂಳು ಕುಡಿಯುವ ನಮ್ಮ ಹೆಂಗಸರು ಸುಗ್ಗಿ ಪೂರ್ತಿ ಕೆಮ್ಮುತ್ತಾರೆ. ಗಂಟಲು ಕೆರೆದಾಗ ಒಂದೇ ಬೆಲ್ಲದ ಉಂಡೆಯನ್ನು ಕಚ್ಚಿ ಪಕ್ಕದವಳಿಗೆ ದಾಟಿಸುವುದು ಅವರ ರೂಢಿ. ಹೀಗಾಗಿ ನಮ್ಮ ಊರಿಗೆ ಫ್ಲೂ ಕದ್ದು ಬರಬೇಕಾಗಿಲ್ಲ. ಹತ್ತಿ ಕೆಮ್ಮಿನ ಹೆಸರಿನಲ್ಲಿ ಹಾಜರಿ ಹಾಕಿಸಿಕೊಂಡೇ ಒಳಗೆ ಬರುತ್ತದೆ, ಬೆಲ್ಲವನ್ನೂ ತಿನ್ನುತ್ತದೆ. ಉಂಡೆ ದಾಟಿಸಿದ್ದು ತಪ್ಪು, ಒಪ್ಪಿದೆವು. ತಪ್ಪು ಎಂದು ಹೇಳಬೇಕಾದವರು ತಮ್ಮ ಹಿಂದಿನ ಕೋಣೆಯಲ್ಲಿ ಇರಬೇಕಿತ್ತಲ್ಲ!

ಮೊನ್ನೆ ನಮ್ಮ ಸುಂಕಲಮ್ಮ, ಜಿನ್ನಿನ ಮೇಸ್ತ್ರಿ ವಿರೂಪಾಕ್ಷಪ್ಪನ ಮುಂದೆ ನಿಂತು, "ನಿಂದ್ರಾಕ ಆಗವಲ್ದಣ್ಣಾ, ಮೈ ಕೆಂಡ ಆಗೈತಿ" ಎಂದಳು. "ಏ, ಹತ್ತಿ ಕೆಮ್ಮು ಅದು, ಬೆಲ್ಲ ತಿನ್ನು ಹೋಗು. ಜ್ವರ ಇದ್ರ ಚೀಟಿ ತಗೊಂಬಾ, ಇಲ್ಲಾಂದ್ರ ನಾಳಿಂದ ಬರಬ್ಯಾಡ" ಎಂದು ಅವನು ಗದರಿದ. ಅವಳು ಗೋಡೆ ಹಿಡಿದು ತಮ್ಮವರೆಗೆ ಬಂದಳು. ತಾವು ಬಾಯಿ ಬಿಡಲಿಲ್ಲ. ತಿರುಗಿ ಹೋಗಿ ಯಂತ್ರದ ಮುಂದೆ ಕೂತಳು, ಬೆಲ್ಲ ಕಚ್ಚಿದಳು, ದಾಟಿಸಿದಳು. ಇಂದು ಅವಳು ಚಾಪೆಯಿಂದ ಏಳುತ್ತಿಲ್ಲ. ಅವಳ ಪಕ್ಕದ ಉಚ್ಚೆಂಗೆಮ್ಮನಿಗೂ ಮೈ ಸುಡುತ್ತಿದೆ.

ಕೀಲಿ ಕೇಳಲು ಸಿರುಗುಪ್ಪಕ್ಕೆ ಹೋದೆವು. "ಬಳ್ಳಾರಿಗೆ ಕೊಟ್ಟು ಬಂದೀನ್ರಪ್ಪಾ" ಎಂದರು ನರ್ಸಮ್ಮ. ಬಳ್ಳಾರಿಯ ಗುಮಾಸ್ತರು ಕಡತದಿಂದ ತಲೆ ಎತ್ತದೆ, "ರೋಗ ಮುಗದೈತಿ, ಮುಗದಿದ್ದಕ್ಕ ಕೀಲಿ ಯಾಕ್ರೀ?" ಎಂದು ನಮ್ಮನ್ನೇ ಕೇಳಿದರು.

ಆದ್ದರಿಂದ ತಾವೇ ದಯಮಾಡಿ ಸುಂಕಲಮ್ಮನ ಹಣೆ ಮುಟ್ಟಿ ನೋಡಬೇಕು. ಬಿಸಿಲಿಗೆ ಕಾದ ತಮ್ಮ ಮೈಗಿಂತ ಅದು ತಣ್ಣಗಿದ್ದರೆ ಕೆಲಸಕ್ಕೆ ಕಳಿಸಿ. ಇಲ್ಲವಾದರೆ ತಮ್ಮ ಕೀಲಿತೂತನ್ನೇ ಒತ್ತಿ ಚೀಟಿಗೆ ಮೊಹರು ಹಾಕಿಕೊಡಿ. ಇನ್ನು ಮುಂದೆ ಬಳ್ಳಾರಿಯ ಅಪ್ಪಣೆ ಪಡೆಯದೆ ಕುರುಗೋಡಿಗೆ ಬರಕೂಡದೆಂದು ಫ್ಲೂ ಜ್ವರಕ್ಕೂ ಒಂದು ತಾಕೀತು ಕಳಿಸಿ.

ತಮ್ಮ ಮುಂದೆ ನಿಂತೂ ನಿಂತೂ ಕಾಲು ಸೋತ,
ತಮ್ಮ ವಿಶ್ವಾಸಿ,
ಎರ್ರೆಪ್ಪ
ಜಿನ್ ಕಾರ್ಮಿಕರ ಸಂಘದ ಪರವಾಗಿ

ಮರೆತ ಮಾತು: ಇಷ್ಟು ನಿಷ್ಠೆಯ ನೌಕರರನ್ನು ಸನ್ಮಾನಿಸದೆ ನಿವೃತ್ತಿ ಮಾಡಿಸುವುದು ನಮ್ಮ ಸಂಘಕ್ಕೆ ಶೋಭೆಯಲ್ಲ. ಕಮ್ಮಾರ ಕೊಟ್ರಬಸಪ್ಪ ದೊಡ್ಡ ಸುತ್ತಿಗೆಯೊಂದಿಗೆ ಬರಲು ಒಪ್ಪಿದ್ದಾನೆ. ಸುಂಕಲಮ್ಮನನ್ನು ಚಾಪೆಯ ಸಮೇತ ಹೊತ್ತು ತರುತ್ತೇವೆ, ಒಳಗೆ ಖಾಲಿ ಬಿದ್ದಿರುವ ಮಂಚ ಅವಳದು. ಸಾಹೇಬರಿಗೂ ಆಹ್ವಾನವಿದೆ, ಡಾಕ್ಟರನ್ನು ಕರೆತಂದರೆ ಮಾತ್ರ ಕುರ್ಚಿ. ಸಭೆ ಬರುವ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕೋಣೆಯ ಒಳಗೆ.